ಸೇನಾನಿಯ ಕೊನೆಯ ಯಾತ್ರೆ: ಗೌರವವು ನಿಯಮವೋ, ದಾಕ್ಷಿಣ್ಯವೋ?

ಪ್ರತಿ ವರ್ಷ ಜನವರಿ 15ರಂದು ನಮ್ಮ ದೇಶವು ಸೇನಾ ದಿನವನ್ನು ಆಚರಿಸುತ್ತದೆ. 1949ನೆಯ ಇಸವಿಯ ಅದೇ ದಿನ ಕೊಡಗಿನ ಕೊಡಂದೇರ ಮಾದಪ್ಪ ಕಾರ್ಯಪ್ಪನವರು ಕೊನೆಯ ಬ್ರಿಟಿಷ್ ದಂಡನಾಯಕನ ಕೈಯಿಂದ ಭಾರತದ ಭೂಸೇನೆಯ ಅಧಿಕಾರವನ್ನು ವಹಿಸಿಕೊಂಡರೆಂಬುದೇ ಆ ಆಚರಣೆಗೆ ಮೂಲ. ಬಹುಕಾಲ ದಿಲ್ಲಿಗೆ ಮಾತ್ರ ಸೀಮಿತವಾಗಿದ್ದ ಆ ದಿನದ ಕವಾಯತು 2023ರಲ್ಲಿ ಬೆಂಗಳೂರಿಗೂ, 2024ರಲ್ಲಿ ಲಖನೌಗೂ, 2025ರಲ್ಲಿ ಪುಣೆಗೂ ಬಂದಿತು. ಪುಣೆಯ ಕವಾಯತಿನ ಚಿತ್ರಗಳನ್ನು ನಮ್ಮ ವಾಚಕರಲ್ಲಿ ಅನೇಕರು ಹೋಟೆಲಿನ ಗೋಡೆಯ ದೂರದರ್ಶನದಲ್ಲಿ, ಕೈಯಲ್ಲಿ ತಟ್ಟೆ ಹಿಡಿದುಕೊಂಡೇ ನೋಡಿದ್ದಾರು. ಸಾಲು ಸಾಲಾಗಿ ನಡೆಯುವ ತರುಣ ಸೈನಿಕರನ್ನು ಕಂಡು ಎದೆಯುಬ್ಬುವುದು ಸಹಜ. ಆದರೆ ಆ ಸಮವಸ್ತ್ರವು ಒಂದು ದಿನ ಮೈಯಿಂದ ಇಳಿಯುತ್ತದೆ. ಇಳಿದ ಮೇಲೆ ಆ ಮನುಷ್ಯನು ಎಲ್ಲಿ ಬಾಳುತ್ತಾನೆ, ಹೇಗೆ ಮುಪ್ಪಾಗುತ್ತಾನೆ, ಕೊನೆಗೆ ಅವನ ಹೆಣಕ್ಕೆ ಹೆಗಲು ಕೊಡುವವರು ಯಾರು ಎಂಬುದನ್ನು ಕವಾಯತಿನ ದಿನ ಯಾರೂ ಕೇಳುವುದಿಲ್ಲ. ಪ್ರಕೃತ ಲೇಖನದಲ್ಲಿ ಆ ಪ್ರಶ್ನೆಯನ್ನೇ ಕೈಗೆತ್ತಿಕೊಳ್ಳಲು ನಾವು ಬಯಸುತ್ತೇವೆ.

ನಲವತ್ತು ವರ್ಷಗಳ ನಿವೃತ್ತಿ

ಕಾರ್ಯಪ್ಪನವರ ಚರಿತ್ರೆಯಲ್ಲಿ ಎಲ್ಲರೂ ಬಲ್ಲ ಭಾಗವು ಅವರ ಸೇವೆಯ ಭಾಗ. 1919ರಲ್ಲಿ ಇಂದೋರಿನ ಡೇಲಿ ಕಾಲೇಜಿನಿಂದ ಹೊರಬಿದ್ದ ಭಾರತೀಯ ಅಧಿಕಾರಿಗಳ ಮೊದಲ ತಂಡದಲ್ಲಿ ಅವರಿದ್ದರು. 1933ರಲ್ಲಿ ಕ್ವೆಟ್ಟಾದ ಸ್ಟಾಫ್ ಕಾಲೇಜಿಗೆ ಪ್ರವೇಶ ಪಡೆದ ಪ್ರಥಮ ಭಾರತೀಯ ಅಧಿಕಾರಿ ಅವರು. ದೇಶ ವಿಭಾಗವಾದ ತರುವಾಯ ಪಶ್ಚಿಮ ರಂಗದ ಹೊಣೆ ಹೊತ್ತು, 1948ರಲ್ಲಿ ಜೋಜಿಲಾ, ದ್ರಾಸ್, ಕಾರ್ಗಿಲ್ ಪ್ರದೇಶಗಳನ್ನು ಮರಳಿ ಪಡೆದ ಕಾರ್ಯಾಚರಣೆಯನ್ನು ನಡೆಸಿದರು. 1953ರ ಜನವರಿ 14ರಂದು ಭೂಸೇನೆಯ ಮಹಾದಂಡನಾಯಕ ಪದವಿಯಿಂದ ನಿವೃತ್ತರಾದರು.

ಇಲ್ಲಿ ನಮ್ಮ ವಾಚಕರು ಒಂದು ಲೆಕ್ಕವನ್ನು ಗಮನಿಸಬೇಕು. ಅವರು ಸೈನ್ಯದಲ್ಲಿದ್ದುದು ಸುಮಾರು 33 ವರ್ಷ. ನಿವೃತ್ತಿಯ ಬಳಿಕ ಬಾಳಿದ್ದು 40 ವರ್ಷ. ಅರ್ಥಾತ್ ದೇಶವು ಅವರನ್ನು ಸೇನಾನಿಯೆಂದು ಕಂಡ ಕಾಲಕ್ಕಿಂತ ಮಾಜಿ ಸೇನಾನಿಯೆಂದು ಕಂಡ ಕಾಲವೇ ದೀರ್ಘವಾದುದು. ಆ 40 ವರ್ಷಗಳನ್ನು ಅವರು ವ್ಯರ್ಥವಾಗಿ ಕಳೆಯಲಿಲ್ಲ. ಮೊದಲ ಮೂರು ವರ್ಷ ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್ ದೇಶಗಳಿಗೆ ಭಾರತದ ಹೈಕಮಿಷನರಾಗಿದ್ದರು. ಅನಂತರ ಮಡಿಕೇರಿಗೆ ಹಿಂತಿರುಗಿ ‘ರೋಶನಾರಾ’ ಎಂಬ ತಮ್ಮ ಮನೆಯಲ್ಲಿ ನೆಲೆಸಿದರು. 1964ರಲ್ಲಿ ಮಾಜಿ ಸೈನಿಕರ ಅಖಿಲ ಭಾರತ ಸಂಘಟನೆಯನ್ನು ಕಟ್ಟುವುದರಲ್ಲಿ ಮುಂದಾಳಾದರು. ಸೈನ್ಯದಿಂದ ಹೊರಬಿದ್ದ ಸಾಮಾನ್ಯ ಜವಾನನಿಗೆ ಉದ್ಯೋಗ ದೊರಕಿಸುವುದು, ಅವನ ಪಿಂಚಣಿಯ ಅಹವಾಲನ್ನು ಸರಕಾರದ ಕಿವಿಗೆ ಮುಟ್ಟಿಸುವುದು ಅವರ ನಿವೃತ್ತ ಜೀವನದ ಮುಖ್ಯ ಉದ್ಯೋಗವಾಯಿತು. 1965ರಲ್ಲಿಯೂ 1971ರಲ್ಲಿಯೂ ಯುದ್ಧವಾದಾಗ, ವಯಸ್ಸನ್ನು ಲೆಕ್ಕಿಸದೆ ಸೈನಿಕರ ನಡುವೆ ಹೋಗಿ ಧೈರ್ಯ ಹೇಳಿದರು.

1965ರ ಯುದ್ಧದ ಪ್ರಸಂಗವೊಂದನ್ನು ಕೊಡಗಿನಲ್ಲಿ ಈಗಲೂ ಹೇಳುತ್ತಾರೆ. ವಾಯುಸೇನೆಯಲ್ಲಿದ್ದ ಅವರ ಮಗ ನಂದಾ ಕಾರ್ಯಪ್ಪನವರ ವಿಮಾನವು ಯುದ್ಧದ ಕೊನೆಯ ಗಳಿಗೆಯಲ್ಲಿ ಉರುಳಿ, ಅವರು ಪಾಕಿಸ್ತಾನದ ಸೆರೆಯಾಳಾದರು. ಆಗ ಪಾಕಿಸ್ತಾನದ ಅಧ್ಯಕ್ಷರಾಗಿದ್ದ ಅಯೂಬ್ ಖಾನರು ವಿಭಜನೆಯ ಪೂರ್ವದಲ್ಲಿ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದವರು. ಹಳೆಯ ಋಣವನ್ನು ನೆನೆದು, ಮಗನನ್ನು ಬಿಟ್ಟುಕೊಡುವೆವೆಂದು ಅವರು ಹೇಳಿ ಕಳುಹಿಸಿದರಂತೆ. ಸೆರೆಯಲ್ಲಿರುವ ಯೋಧರೆಲ್ಲರೂ ತಮಗೆ ಮಕ್ಕಳೇ, ಬಿಡುವುದಾದರೆ ಎಲ್ಲರನ್ನೂ ಬಿಡಬೇಕು, ತಮ್ಮವನಿಗೆ ಬೇರೆ ಮರ್ಯಾದೆ ಬೇಡ ಎಂಬುದು ತಂದೆಯ ಉತ್ತರವಾಗಿತ್ತು. ಅಧಿಕಾರದಲ್ಲಿಲ್ಲದ ಒಬ್ಬ ವೃದ್ಧನು ತನ್ನ ಮನೆಯ ವರಾಂಡದಲ್ಲಿ ಕುಳಿತು ಇಂತಹ ಮಾತನ್ನಾಡಬಲ್ಲನಾದರೆ, ಅವನ ನಿವೃತ್ತಿಯೂ ಒಂದು ಬಗೆಯ ಸೇವೆಯೇ ಎಂದು ನಾವು ಭಾವಿಸುತ್ತೇವೆ.

ಹೊಗಳಿಕೆಯ ಭರದಲ್ಲಿ ಸತ್ಯವನ್ನು ಮುಚ್ಚಿಡುವುದು ಪತ್ರಿಕಾಧರ್ಮವಲ್ಲ. ಕಾರ್ಯಪ್ಪನವರು ರಾಜಕಾರಣದ ಕುರಿತು ಆಡಿದ ಮಾತುಗಳೆಲ್ಲವೂ ಒಪ್ಪತಕ್ಕವಾಗಿರಲಿಲ್ಲ. ದೇಶದ ಅವ್ಯವಸ್ಥೆಯನ್ನು ಕಂಡು ಬೇಸತ್ತು, ಸೈನ್ಯದ ನೆರವಿನಿಂದ ರಾಷ್ಟ್ರಪತಿಗಳ ಆಳ್ವಿಕೆ ನಡೆಯಲಿ ಎಂಬಂತಹ ಅಭಿಪ್ರಾಯವನ್ನು ಅವರು ಬಹಿರಂಗವಾಗಿ ವ್ಯಕ್ತಪಡಿಸಿದ್ದುಂಟು. ಅಂತಹ ದಾರಿಯಲ್ಲಿ ನಡೆದ ನೆರೆಯ ದೇಶಗಳ ಪಾಡನ್ನು ನಾವೆಲ್ಲರೂ ನೋಡಿದ್ದೇವೆ. ಆದರೆ ಅದೇ ಕಾರ್ಯಪ್ಪನವರು 1971ರಲ್ಲಿ, ಸಾಮಾನ್ಯ ಪ್ರಜೆಯಂತೆ ಮತಯಾಚನೆ ಮಾಡಿ, ನಮ್ಮ ಮುಂಬಯಿ ನಗರದಿಂದಲೇ ಲೋಕಸಭೆಗೆ ಸ್ಪರ್ಧಿಸಿ ಸೋತರು. ಸೋತವರು ಗೊಣಗದೆ ಮಡಿಕೇರಿಗೆ ಮರಳಿದರು. ಮಾತಿನಲ್ಲಿ ಏನೇ ಅಂದಿರಲಿ, ಕೃತಿಯಲ್ಲಿ ಅವರು ಮತದಾರನ ತೀರ್ಪಿಗೆ ತಲೆಬಾಗಿದರೆಂಬುದನ್ನೂ ನಾವು ನೆನೆಯಬೇಕು. ಮುಂಬಯಿಯ ನಮ್ಮ ಹಿರಿಯ ವಾಚಕರಲ್ಲಿ ಕೆಲವರು ಅಂದಿನ ಪ್ರಚಾರ ಸಭೆಗಳನ್ನು ಕಂಡವರಿದ್ದಾರು.

ಫೀಲ್ಡ್ ಮಾರ್ಷಲ್ ಎಂಬ ಪರಮೋಚ್ಚ ಪದವಿಯು ಅವರಿಗೆ ದೊರೆತುದು 1986ರಲ್ಲಿ, 87ನೆಯ ವಯಸ್ಸಿನಲ್ಲಿ, ನಿವೃತ್ತಿಯಾಗಿ 33 ವರ್ಷಗಳು ಕಳೆದ ಮೇಲೆ. ದುಡಿದ ಕಾಲ ಎಷ್ಟೋ ಅಷ್ಟೇ ಕಾಲ ಗೌರವಕ್ಕಾಗಿ ಕಾದಂತಾಯಿತು.

ಮಡಿಕೇರಿಯ ಚಿತೆ

1991ರಿಂದ ಅವರ ಆರೋಗ್ಯ ಕೆಡತೊಡಗಿತು. ಸಂಧಿವಾತವೂ ಹೃದಯದ ತೊಂದರೆಯೂ ಅವರನ್ನು ಕಾಡಿದವು. ಬೆಂಗಳೂರಿನ ಸೇನಾ ಆಸ್ಪತ್ರೆಯಲ್ಲಿ 1993ರ ಮೇ 15ರಂದು ನಿದ್ರೆಯಲ್ಲಿಯೇ ಅಸ್ತಂಗತರಾದರು. ಅವರಿಗೆ ಆಗ 94 ವರ್ಷ. ಎರಡು ದಿನಗಳ ತರುವಾಯ ಮಡಿಕೇರಿಯಲ್ಲಿ ಅಂತ್ಯಸಂಸ್ಕಾರ ನೆರವೇರಿತು. ಭೂಸೇನೆ, ನೌಕಾಸೇನೆ, ವಾಯುಸೇನೆಗಳ ಮುಖ್ಯಸ್ಥರು ಮೂವರೂ ಬಂದಿದ್ದರು. ಫೀಲ್ಡ್ ಮಾರ್ಷಲ್ ಸ್ಯಾಮ್ ಮಾಣೆಕ್ ಷಾ ಅವರೂ ಬಂದು ತಮ್ಮ ಹಿರಿಯನಿಗೆ ಕಡೆಯ ವಂದನೆ ಸಲ್ಲಿಸಿದರು. ಮಗನು ಚಿತೆಗೆ ಬೆಂಕಿಯಿಟ್ಟನು. ಕಹಳೆಯವರು ಅಂತಿಮ ನಾದವನ್ನು ನುಡಿಸಿದರು. ಗೌರವ ದಳದವರು ಕೋವಿಗಳ ಬಾಯಿಯನ್ನು ನೆಲದತ್ತ ತಿರುಗಿಸಿ ನಿಂತರು. ಸಾವಿನ ಸುದ್ದಿಯನ್ನು ಗುಂಡಿನ ಶಬ್ದದಿಂದಲೇ ಊರಿಗೆ ಸಾರುವ ಕೊಡಗಿನಲ್ಲಿ, ಆ ದಿನದ ಗುಂಡಿನ ಗೌರವಕ್ಕೆ ವಿಶೇಷ ಅರ್ಥವಿತ್ತು. ಸರಕಾರದ ಪದ್ಧತಿಯೂ ನಾಡಿನ ಪದ್ಧತಿಯೂ ಆ ಒಂದು ಶಬ್ದದಲ್ಲಿ ಕೂಡಿದ್ದವು.

ಇಂತಹ ಸಂಸ್ಕಾರದ ಒಂದು ವಿವರವನ್ನು ಇಲ್ಲಿ ಹೇಳುವುದು ಅಪ್ರಸ್ತುತವಾಗಲಾರದು. ಸೈನಿಕನ ಪಾರ್ಥಿವ ಶರೀರಕ್ಕೆ ರಾಷ್ಟ್ರಧ್ವಜವನ್ನು ಹೊದಿಸುವಾಗ ಕೇಸರಿ ಪಟ್ಟಿಯು ತಲೆಯ ಕಡೆಗೆ ಇರಬೇಕು. ಆದರೆ ಧ್ವಜವನ್ನು ಚಿತೆಯಲ್ಲಿ ಸುಡುವಂತಿಲ್ಲ, ಗೋರಿಯೊಳಗೆ ಇಳಿಸುವಂತಿಲ್ಲ. ಮೊದಲೇ ಅದನ್ನು ತೆಗೆದು ಮಡಚಬೇಕು. ಮನುಷ್ಯನು ಹೋಗುತ್ತಾನೆ, ಧ್ವಜವು ಉಳಿಯುತ್ತದೆ. ಧ್ವಜದ ವಿಷಯದಲ್ಲಿ ನಿಯಮವು ಇಷ್ಟು ಖಚಿತವಾಗಿದೆ. ಸತ್ತವನ ಬಳಿಗೆ ಯಾರು ಬರಬೇಕು ಎಂಬ ವಿಷಯದಲ್ಲಿ ಮಾತ್ರ ಖಚಿತವಾದ ನಿಯಮವಿಲ್ಲ. ಅದರ ಪರಿಣಾಮವನ್ನು 15 ವರ್ಷಗಳ ಬಳಿಕ ದೇಶವು ಕಂಡಿತು.

ನೀಲಗಿರಿಯ ಗೋರಿ

ಮಡಿಕೇರಿಯ ಚಿತೆಯ ಮುಂದೆ ನಿಂತಿದ್ದ ಮಾಣೆಕ್ ಷಾ ಅವರ ಕಥೆಯೇ ಬೇರೆ. 1971ರ ಯುದ್ಧದಲ್ಲಿ ಭೂಸೇನೆಯ ಮುಖ್ಯಸ್ಥರಾಗಿದ್ದು, 13 ದಿನಗಳಲ್ಲಿ ಢಾಕಾದ ಶರಣಾಗತಿಗೆ ಕಾರಣರಾದವರು ಅವರು. 1973ರ ಜನವರಿಯಲ್ಲಿ ಸ್ವತಂತ್ರ ಭಾರತದ ಪ್ರಥಮ ಫೀಲ್ಡ್ ಮಾರ್ಷಲ್ ಆದರು. ನೀಲಗಿರಿಯ ಕೂನೂರಿನಲ್ಲಿ ಮನೆ ಮಾಡಿಕೊಂಡು ಮೂರೂವರೆ ದಶಕಗಳನ್ನು ಅಲ್ಲಿ ಕಳೆದರು.

ಫೀಲ್ಡ್ ಮಾರ್ಷಲ್‌ನಿಗೆ ನಿವೃತ್ತಿಯಿಲ್ಲ, ಆತನು ಜೀವನಪರ್ಯಂತ ಸೇವೆಯಲ್ಲಿರುವಂತೆಯೇ ಎಂಬುದು ಪದ್ಧತಿ. ಆದರೆ ಆ ಪದವಿಗೆ ತಕ್ಕ ವೇತನವು ಮಾಣೆಕ್ ಷಾ ಅವರಿಗೆ ದಶಕಗಳ ಕಾಲ ಸಂದಾಯವಾಗಲಿಲ್ಲ. ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಸ್ವತಃ ಆಸಕ್ತಿ ವಹಿಸಿದ ಮೇಲೆ, 2007ರಲ್ಲಿ, ಒಂದು ಕೋಟಿ ರೂಪಾಯಿಗೂ ಮೇಲ್ಪಟ್ಟ ಬಾಕಿಯ ಹಣವನ್ನು ಅವರಿಗೆ ತಲುಪಿಸಲಾಯಿತು. ಆಗ ಅವರು 90 ದಾಟಿದ ರೋಗಿ. ಬಾಕಿಯ ಮೊಬಲಗು ಎಷ್ಟೇ ದೊಡ್ಡದಿರಲಿ, ಹಲ್ಲಿದ್ದಾಗ ಕೊಡದ ಕಡಲೆಯನ್ನು ಹಲ್ಲು ಉದುರಿದ ಮೇಲೆ ಕೊಟ್ಟಂತೆ ಆಯಿತಲ್ಲವೇ?

2008ರ ಜೂನ್ 27ರಂದು ವೆಲ್ಲಿಂಗ್ಟನ್ನಿನ ಸೇನಾ ಆಸ್ಪತ್ರೆಯಲ್ಲಿ, 94ನೆಯ ವಯಸ್ಸಿನಲ್ಲಿ, ಅವರು ನಿಧನ ಹೊಂದಿದರು. ಊಟಿಯ ಪಾರ್ಸಿ ಸ್ಮಶಾನದಲ್ಲಿ, ಪತ್ನಿಯ ಸಮಾಧಿಯ ಪಕ್ಕದಲ್ಲಿ, ಸೈನಿಕ ಮರ್ಯಾದೆಯೊಡನೆ ಅವರನ್ನು ಮಣ್ಣು ಮಾಡಲಾಯಿತು. ಕವಾಯತಿನಲ್ಲಿ ಕೊರತೆಯೇನೂ ಇರಲಿಲ್ಲ. ಕೊರತೆಯಿದ್ದುದು ದಿಲ್ಲಿಯ ಮನಸ್ಸಿನಲ್ಲಿ. ರಾಷ್ಟ್ರಪತಿಗಳಾಗಲಿ ಪ್ರಧಾನಮಂತ್ರಿಗಳಾಗಲಿ ರಕ್ಷಣಾ ಮಂತ್ರಿಗಳಾಗಲಿ ಬರಲಿಲ್ಲ. ಸರಕಾರದ ಪರವಾಗಿ ರಕ್ಷಣಾ ಖಾತೆಯ ರಾಜ್ಯ ಸಚಿವರು ಬಂದಿದ್ದರು. ಮೂರು ಸೇನೆಗಳ ಮುಖ್ಯಸ್ಥರಲ್ಲಿ ಒಬ್ಬರೂ ಅಲ್ಲಿರಲಿಲ್ಲ. ರಾಷ್ಟ್ರೀಯ ಶೋಕಾಚರಣೆ ಸಾರಲ್ಪಡಲಿಲ್ಲ. ನಿಯಮವನ್ನು ಮುರಿದಂತಾಗಿಲ್ಲ ಎಂದು ದಿಲ್ಲಿಯವರು ಹೇಳಬಹುದಿತ್ತು. ಅದು ನಿಜವೂ ಆಗಿತ್ತು, ಏಕೆಂದರೆ ಮುರಿಯುವುದಕ್ಕೆ ನಿಯಮವೇ ಇರಲಿಲ್ಲ. ಅದಕ್ಕಾಗಿಯೇ ಆ ದಿನ ದೇಶದಾದ್ಯಂತ ಜನರಿಗೆ ನೋವಾಯಿತು.

ಇದಕ್ಕೆ ತದ್ವಿರುದ್ಧವಾದುದು ವಾಯುಸೇನೆಯ ಮಾರ್ಷಲ್ ಅರ್ಜನ್ ಸಿಂಗರ ಕೊನೆಯ ಯಾತ್ರೆ. 1965ರ ಯುದ್ಧಕಾಲದಲ್ಲಿ ವಾಯುಸೇನೆಯ ಮುಖ್ಯಸ್ಥರಾಗಿದ್ದ ಅವರು 2017ರ ಸೆಪ್ಟೆಂಬರ್ 16ರಂದು ದಿಲ್ಲಿಯಲ್ಲಿ, 98ನೆಯ ವಯಸ್ಸಿನಲ್ಲಿ, ತೀರಿಕೊಂಡರು. ಪ್ರಧಾನಮಂತ್ರಿಗಳು ಆಸ್ಪತ್ರೆಗೇ ಹೋಗಿ ಕಂಡರು. ಪೂರ್ಣ ಸರಕಾರಿ ಗೌರವದೊಡನೆ ಸಂಸ್ಕಾರವಾಯಿತು. ದಿಲ್ಲಿಯಲ್ಲಿ ಆ ದಿನ ಧ್ವಜಗಳು ಅರ್ಧಕ್ಕೆ ಇಳಿದವು. ಈ ಮಹನೀಯರು ತಮ್ಮ ಜಮೀನನ್ನು ಮಾರಿ, ಬಂದ ಹಣದಲ್ಲಿ 2 ಕೋಟಿ ರೂಪಾಯಿಗಳನ್ನು ವಾಯುಸೇನೆಯ ನಿವೃತ್ತರ ಕ್ಷೇಮಕ್ಕಾಗಿ ಮುಡಿಪಿಟ್ಟವರೆಂಬುದನ್ನೂ ಸ್ಮರಿಸಬೇಕು.

ಮೂರು ಸಾವುಗಳು, ಮೂರು ಅಳತೆಗಳು

ಸ್ವತಂತ್ರ ಭಾರತವು ಐದು ನಕ್ಷತ್ರಗಳ ಪದವಿಯನ್ನು ಕೊಟ್ಟುದು ಈ ಮೂವರಿಗೆ: ಮಾಣೆಕ್ ಷಾ ಅವರಿಗೆ 1973ರಲ್ಲಿ, ಕಾರ್ಯಪ್ಪನವರಿಗೆ 1986ರಲ್ಲಿ, ಅರ್ಜನ್ ಸಿಂಗರಿಗೆ 2002ರಲ್ಲಿ. ಪದವಿ ಸಮಾನ, ಆದರೆ ಸಾವಿನ ಮರ್ಯಾದೆ ಅಸಮಾನ. ಇದಕ್ಕೆ ಕಾರಣವೇನು?

ಮಾಣೆಕ್ ಷಾ ಅವರ ಹರಿತ ನಾಲಗೆಯು ಅಧಿಕಾರಸ್ಥರಿಗೆ ಹಿಡಿಸಲಿಲ್ಲವೆಂದು ಕೆಲವರು ಹೇಳುವರು. ದಿಲ್ಲಿಯಿಂದ ನೀಲಗಿರಿ ದೂರವಾಯಿತೆಂದು ಇನ್ನು ಕೆಲವರು ಹೇಳುವರು. ದೂರವೇ ಕಾರಣವಾದರೆ ಮಡಿಕೇರಿಯೂ ದೂರವೇ, ಅಲ್ಲಿಗೆ ರೈಲು ಕೂಡ ಇಲ್ಲ. ನಮ್ಮ ಅಭಿಪ್ರಾಯದಲ್ಲಿ ಕಾರಣವು ಇದಕ್ಕಿಂತ ಸರಳವಾದುದು. ನಮ್ಮ ದೇಶದಲ್ಲಿ ನಿವೃತ್ತನಿಗೆ ಸಲ್ಲುವ ಗೌರವವು ಹಕ್ಕಾಗಿ ಬೆಳೆದಿಲ್ಲ, ದಾಕ್ಷಿಣ್ಯವಾಗಿಯೇ ಉಳಿದಿದೆ. ಆಳುವವರಿಗೆ ಮನಸ್ಸಿದ್ದರೆ ಧ್ವಜ ಇಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ದಾಕ್ಷಿಣ್ಯದಿಂದ ಬಂದುದು ದಾಕ್ಷಿಣ್ಯ ತೀರಿದ ದಿನ ಹೋಗುತ್ತದೆ.

ಈ ಸಂದರ್ಭದಲ್ಲಿ ಕಾರ್ಯಪ್ಪನವರಿಗೆ ಭಾರತರತ್ನ ನೀಡಬೇಕೆಂಬ ಬೇಡಿಕೆಯನ್ನೂ ಪರಿಶೀಲಿಸಬಹುದು. 2017ರ ನವೆಂಬರಿನಲ್ಲಿ ಕೊಡಗಿನ ಗೋಣಿಕೊಪ್ಪಲಿನಲ್ಲಿ, ಕಾರ್ಯಪ್ಪ ಮತ್ತು ತಿಮ್ಮಯ್ಯನವರ ಪ್ರತಿಮೆಗಳ ಅನಾವರಣಕ್ಕೆ ಬಂದಿದ್ದ ಅಂದಿನ ಭೂಸೇನಾ ಮುಖ್ಯಸ್ಥ ಬಿಪಿನ್ ರಾವತ್ ಅವರು, ಕಾರ್ಯಪ್ಪನವರ ಹೆಸರನ್ನು ಭಾರತರತ್ನಕ್ಕೆ ಶಿಫಾರಸು ಮಾಡುವ ಕಾಲ ಬಂದಿದೆ ಎಂದರು. ನಾಲ್ಕು ವರ್ಷಗಳ ಬಳಿಕ ರಾವತ್ ಅವರೇ ಕೂನೂರಿನ ಬಳಿ ಹೆಲಿಕಾಪ್ಟರ್ ದುರಂತದಲ್ಲಿ ಮಡಿದರು. 2024ರಲ್ಲಿ ಐವರಿಗೆ ಆ ಪ್ರಶಸ್ತಿ ಸಂದಿತು, ಅವರಲ್ಲಿ ಸೈನಿಕನೊಬ್ಬನೂ ಇರಲಿಲ್ಲ. ಕೊಡಗಿನವರ ಅಪೇಕ್ಷೆಯು ಯೋಗ್ಯವಾದುದೇ. ಆದರೆ ಪದಕವೊಂದು ದೊರೆತ ಮಾತ್ರಕ್ಕೆ ಮೂಲಪ್ರಶ್ನೆಯು ಪರಿಹಾರವಾಗುವುದೆಂದು ನಾವು ನಂಬುವುದಿಲ್ಲ. ಪರದೇಶವೊಂದು ನಮಗೆ ಇಲ್ಲಿ ಪಾಠ ಹೇಳಿದೆ. ನಿವೃತ್ತಿಯ ಬಳಿಕ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ನಾಯಕರಾಗಿ ಸೈಪ್ರಸ್ಸಿಗೆ ಹೋಗಿದ್ದ ಜನರಲ್ ತಿಮ್ಮಯ್ಯನವರು 1965ರ ಡಿಸೆಂಬರಿನಲ್ಲಿ ಅಲ್ಲಿಯೇ ತೀರಿಕೊಂಡರು. ಮರುವರ್ಷವೇ ಆ ಪುಟ್ಟ ದೇಶವು ಅವರ ಹೆಸರಿನಲ್ಲಿ ಅಂಚೆ ಚೀಟಿಯನ್ನು ಹೊರಡಿಸಿತು. ಮಡಿಕೇರಿಯಲ್ಲಿ ಅವರು ಹುಟ್ಟಿ ಬೆಳೆದ ಮನೆಯನ್ನು ನಾವು ವಸ್ತುಸಂಗ್ರಹಾಲಯ ಮಾಡಿ ತೆರೆದುದು 2021ರಲ್ಲಿ. ಕೃತಜ್ಞತೆಗೆ ಸೈಪ್ರಸ್ಸಿಗೆ ಒಂದು ವರ್ಷ ಹಿಡಿಯಿತು, ನಮಗೆ 55 ವರ್ಷ ಹಿಡಿಯಿತು.

ಗಲ್ಲಾದ ಎದುರು ಕುಳಿತ ಕ್ಯಾಪ್ಟನ್ನರು

ದೊಡ್ಡವರ ಪಾಡೇ ಹೀಗಾದರೆ ಚಿಕ್ಕವರ ಪಾಡೇನು? ಇದನ್ನು ನಾವು ಪುಸ್ತಕದಿಂದ ಕಲಿತಿಲ್ಲ. ಪತ್ರಿಕೆಯ ಕೆಲಸಕ್ಕೆ ಬರುವ ಮೊದಲು ನಾವು ಹೋಟೆಲಿನ ಗಲ್ಲಾದಲ್ಲಿ ಕುಳಿತಿದ್ದ ದಿನಗಳಲ್ಲಿ, ಬೆಳಿಗ್ಗೆ ಆರು ಗಂಟೆಗೆ ಸರಿಯಾಗಿ ಒಬ್ಬ ನಿವೃತ್ತ ಗೌರವ ಕ್ಯಾಪ್ಟನ್ನರು ಬರುತ್ತಿದ್ದರು. ಬೆಳಗಾವಿಯ ಕಡೆಯವರು. ಸಿಪಾಯಿಯಾಗಿ ಸೇರಿ, ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿ, ಸೇವೆಯ ಕೊನೆಯಲ್ಲಿ ಆ ಪದವಿಯನ್ನು ಪಡೆದವರು. ಸಮೀಪದ ಕಟ್ಟಡವೊಂದರಲ್ಲಿ ರಾತ್ರಿ ಪಾಳಿಯ ಕಾವಲಿನ ಮೇಲ್ವಿಚಾರಕರಾಗಿದ್ದರು. ಎರಡು ಇಡ್ಲಿ, ಒಂದು ಕಾಫಿ, ಚಿಲ್ಲರೆ ಎಣಿಸಿ ಇಟ್ಟು ಹೋಗುವುದು. ಒಂದು ದಿನವೂ ಬಿಟ್ಟಿ ಕಾಫಿ ಕುಡಿಯಲಿಲ್ಲ. “ಲೆಕ್ಕ ಲೆಕ್ಕವೇ, ಶೆಟ್ರೇ” ಎನ್ನುತ್ತಿದ್ದರು. ನಮ್ಮ ಮಾಣಿಗಳು ಅವರನ್ನು ಕಂಡರೆ ತಾವಾಗಿಯೇ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು.

ಒಂದು ಮಳೆಗಾಲದಲ್ಲಿ ಎರಡು ದಿನ ಅವರು ಬರಲಿಲ್ಲ. ಮೂರನೆಯ ದಿನ ಸುದ್ದಿ ಬಂತು. ಮಗನು ದೂರದೇಶದಲ್ಲಿದ್ದನು. ಚಾಳಿನ ಖೋಲಿಯಲ್ಲಿ ಹೆಂಡತಿ ಒಬ್ಬರೇ ಇದ್ದರು. ನಮ್ಮ ಹೋಟೆಲಿನ ನಾಲ್ವರು ಹುಡುಗರೇ ಹೆಗಲು ಕೊಟ್ಟರು. ಕಹಳೆಯಿಲ್ಲ, ಧ್ವಜವಿಲ್ಲ, ಗುಂಡಿನ ಶಬ್ದವಿಲ್ಲ. ಸ್ಮಶಾನದ ಬಾಗಿಲಲ್ಲಿ ಮಾತ್ರ, ಎದುರು ಕಟ್ಟಡದ ಕಾವಲುಗಾರನೊಬ್ಬನು ತನ್ನ ಹಳೆಯ ಸೈನಿಕ ಟೋಪಿಯನ್ನು ಧರಿಸಿ, ಎದೆಗೆ ಪದಕಗಳನ್ನು ಸಿಕ್ಕಿಸಿಕೊಂಡು, ಮಳೆಯಲ್ಲಿ ನೆನೆಯುತ್ತ ನಿಂತಿದ್ದನು. ಹೆಣವು ಹಾದು ಹೋಗುವವರೆಗೆ ಸಲಾಮಿನ ಕೈಯನ್ನು ಇಳಿಸಲಿಲ್ಲ. ಕ್ಯಾಪ್ಟನ್ನರಿಗೆ ಸಂದ ಸೈನಿಕ ಮರ್ಯಾದೆ ಅಷ್ಟೇ. ಅದು ಅಲ್ಪವಾಗಿತ್ತೆಂದು ಹೇಳಲು ನಮಗೆ ಬಾಯಿ ಬಾರದು.

ಕಷ್ಟವು ತರುವಾಯ ಆರಂಭವಾಯಿತು. ಪಿಂಚಣಿಯ ಕಾಗದದಲ್ಲಿ ಹೆಂಡತಿಯ ಹೆಸರು ಒಂದು ಬಗೆ, ಆಧಾರ್ ಚೀಟಿಯಲ್ಲಿ ಇನ್ನೊಂದು ಬಗೆ. ಮದುವೆಗೆ ಮುಂಚಿನ ಹೆಸರು, ಮದುವೆಯಾದ ಮೇಲಿನ ಹೆಸರು, ಅಷ್ಟೇ ವ್ಯತ್ಯಾಸ. ಆ ತಾಯಿಯೇ ಆ ಹೆಂಡತಿಯೆಂದು ನಂಬಿಸಲು ಹನ್ನೊಂದು ತಿಂಗಳು ಬೇಕಾದವು. ಅಷ್ಟು ಕಾಲ ಅವರು ಪಕ್ಕದ ಮನೆಗಳ ಹಪ್ಪಳ ಒತ್ತಿ ದಿನ ಕಳೆದರು. ಫೀಲ್ಡ್ ಮಾರ್ಷಲ್‌ನ ಬಾಕಿಯು ದಶಕಗಳ ಕಾಲ ತಡೆದು ನಿಂತುದಕ್ಕೂ, ಕ್ಯಾಪ್ಟನ್ನನ ವಿಧವೆಯ ಪಿಂಚಣಿಯು ಹನ್ನೊಂದು ತಿಂಗಳು ತಡೆದು ನಿಂತುದಕ್ಕೂ ಮೂಲವು ಒಂದೇ: ಮೇಜಿನ ಆಚೆ ಕುಳಿತವನಿಗೆ ಈಚೆ ನಿಂತವನ ಮುಖ ಕಾಣದಿರುವುದು.

ಪಿಂಚಣಿಯ ಹೋರಾಟ, ಅಗ್ನಿವೀರರ ನಾಳೆ

ಒಂದೇ ಪದವಿಗೆ ಒಂದೇ ಪಿಂಚಣಿ ಎಂಬ ಬೇಡಿಕೆಯ ಹಿನ್ನೆಲೆಯೂ ಇದೇ. ಆ ಪದ್ಧತಿಯು ಕೈಬಿಟ್ಟುದು 1973ರಲ್ಲಿ, ಮಾಣೆಕ್ ಷಾ ಅವರಿಗೆ ಐದನೆಯ ನಕ್ಷತ್ರವನ್ನು ತೊಡಿಸಿದ ವರ್ಷದಲ್ಲಿಯೇ! ಮೇಲಿನವನ ಭುಜಕ್ಕೆ ನಕ್ಷತ್ರ ಬಂದ ವರ್ಷ ಕೆಳಗಿನವನ ತಟ್ಟೆಯಿಂದ ಒಂದು ಹಿಡಿ ಅನ್ನ ಹೋಯಿತು. ಒಂದೇ ಪದವಿಯಲ್ಲಿ ಸಮಾನ ಕಾಲ ದುಡಿದ ಇಬ್ಬರಲ್ಲಿ, ಮೊದಲು ನಿವೃತ್ತನಾದ ವೃದ್ಧನಿಗೆ ಕಡಿಮೆ, ಅನಂತರ ನಿವೃತ್ತನಾದವನಿಗೆ ಹೆಚ್ಚು ಎಂಬ ಅನ್ಯಾಯವು ನಾಲ್ಕು ದಶಕಗಳ ಕಾಲ ನಡೆಯಿತು. 2015ರಲ್ಲಿ ದಿಲ್ಲಿಯ ಜಂತರ್ ಮಂತರಿನಲ್ಲಿ ಮಾಜಿ ಸೈನಿಕರು ಪದಕಗಳನ್ನು ಧರಿಸಿ ಬೀದಿಯಲ್ಲಿ ಕುಳಿತ ಮೇಲೆ, ಆ ವರ್ಷದ ನವೆಂಬರಿನಲ್ಲಿ ಆಜ್ಞೆ ಹೊರಟಿತು. 2014ರ ಜುಲೈ 1ರಿಂದ ಅನ್ವಯವಾಗುವಂತೆ, ಐದು ವರ್ಷಗಳಿಗೊಮ್ಮೆ ಪರಿಷ್ಕರಿಸುವ ಕರಾರಿನ ಮೇಲೆ ಅದು ಜಾರಿಗೆ ಬಂದಿತು. ಪ್ರತಿ ವರ್ಷ ಪರಿಷ್ಕರಣವಾಗಬೇಕೆಂದು ನಿವೃತ್ತರು ನ್ಯಾಯಾಲಯದ ಮೆಟ್ಟಿಲೇರಿದರು. 2022ರ ಮಾರ್ಚ್ 16ರಂದು ಸರ್ವೋಚ್ಚ ನ್ಯಾಯಾಲಯವು ಸರಕಾರದ ಕ್ರಮವನ್ನೇ ಎತ್ತಿಹಿಡಿಯಿತು.

ಅದೇ ವರ್ಷದ ಜೂನ್ 14ರಂದು ಅಗ್ನಿಪಥ ಯೋಜನೆ ಪ್ರಕಟವಾಯಿತು. ನಾಲ್ಕು ವರ್ಷದ ಸೇವೆ, ಅನಂತರ ನೂರರಲ್ಲಿ ಇಪ್ಪತ್ತೈದು ಮಂದಿಯವರೆಗೆ ಮಾತ್ರ ಸೈನ್ಯದಲ್ಲಿ ಉಳಿಯುವ ಅವಕಾಶ. ಉಳಿದವರಿಗೆ ಸುಮಾರು 11 ಲಕ್ಷ 71 ಸಾವಿರ ರೂಪಾಯಿಗಳ ಇಡುಗಂಟು, ಪಿಂಚಣಿಯಿಲ್ಲ. ಸೈನ್ಯವು ತರುಣವಾಗಿರಬೇಕು, ಪಿಂಚಣಿಯ ಹೊರೆಯು ಶಸ್ತ್ರಾಸ್ತ್ರದ ಹಣವನ್ನು ನುಂಗಬಾರದು ಎಂಬ ಸರಕಾರದ ವಾದವನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ 2022ರ ಕೊನೆಯಲ್ಲಿ ತರಬೇತಿಗೆ ಸೇರಿದ ಮೊದಲ ತಂಡದವರು ನಾಲ್ಕು ವರ್ಷ ಪೂರೈಸಿ ಹೊರಬೀಳುವಾಗ ಅವರ ವಯಸ್ಸು 21ರಿಂದ 27ರ ಒಳಗೆ. ಕಾರ್ಯಪ್ಪನವರ ನಿವೃತ್ತಿಯ ಕಾಲ 40 ವರ್ಷವಾದರೆ, ಈ ಹುಡುಗರ ಮುಂದಿನ ಬಾಳು 50 ವರ್ಷ. ಅವರಲ್ಲಿ ಅನೇಕರು ನಮ್ಮ ನಗರಗಳಿಗೇ ಬರುವರು. ನಮ್ಮ ಕಟ್ಟಡಗಳ ಬಾಗಿಲಲ್ಲಿ ನಿಲ್ಲುವರು, ನಮ್ಮ ಹೋಟೆಲುಗಳ ಮೇಜಿಗೇ ಬಂದು ಕೂರುವರು. ಅವರಿಗೆ ತಕ್ಕ ಕೆಲಸವನ್ನು ಕಾದಿರಿಸುವ ಮಾತುಗಳು ಹೊರಟಿವೆ. ಮಾತು ಕೃತಿಯಾಗುವುದೇ ಎಂಬುದನ್ನು ಕಾಲವೇ ಹೇಳಬೇಕು, ಆದರೆ ಕೇಳುವ ಕೆಲಸವನ್ನು ನಾವು ಬಿಡಕೂಡದು.

ನಮ್ಮ ಹಾಜರಿ ಪುಸ್ತಕ

ಇಷ್ಟು ಹೇಳಿ ನಿಲ್ಲಿಸಿದರೆ ಲೇಖನವು ಸಭ್ಯವಾಗಿ ಮುಗಿಯುತ್ತಿತ್ತು. ಆದರೆ ದಿಲ್ಲಿಯನ್ನು ದೂರುವವನು ತನ್ನ ಅಂಗಳವನ್ನೂ ಗುಡಿಸಬೇಕಷ್ಟೆ.

ಕ್ಯಾಪ್ಟನ್ನರು ತೀರಿಕೊಂಡ ಮಳೆಗಾಲದಲ್ಲಿಯೇ ನಮ್ಮ ಹೋಟೆಲಿನ ಅಡಿಗೆ ಭಟ್ಟರು ಕೆಲಸ ಬಿಟ್ಟರು. ನಮ್ಮ ತಂದೆಯವರ ಕಾಲದಿಂದ 22 ವರ್ಷ ಒಲೆಯ ಮುಂದೆ ನಿಂತವರು. ಕಣ್ಣು ಮಂಜಾಗಿತ್ತು, ಮೊಣಕಾಲು ಊದಿತ್ತು. ಒಂದು ಶಾಲು, ಒಂದು ಹಾರ, ಎರಡು ತಿಂಗಳ ಸಂಬಳ ಕೊಟ್ಟು ಬಸ್ಸು ಹತ್ತಿಸಿದೆವು. ಛಾಯಾಚಿತ್ರವನ್ನೂ ತೆಗೆಸಿದೆವು. ಪ್ರಾವಿಡೆಂಟ್ ಫಂಡ್ ಕೊಡಲಿಲ್ಲ, ಏಕೆಂದರೆ ಕಟ್ಟಿರಲಿಲ್ಲ. 1952ರ ಕಾನೂನು 20 ಮಂದಿ ನೌಕರರಿರುವ ಸಂಸ್ಥೆಗೆ ಅನ್ವಯಿಸುತ್ತದೆ. ನಮ್ಮ ಹೋಟೆಲಿನಲ್ಲಿ ದುಡಿಯುತ್ತಿದ್ದವರು 26 ಮಂದಿ. ಹಾಜರಿ ಪುಸ್ತಕದಲ್ಲಿ ಇದ್ದುದು 19 ಹೆಸರು. ಈ ಲೆಕ್ಕದ ಚಮತ್ಕಾರವನ್ನು ನಮ್ಮ ವೃತ್ತಿಯವರು ಬಲ್ಲರು, ನಾವೂ ಬಲ್ಲವರಾಗಿದ್ದೆವು. ಮಾಣೆಕ್ ಷಾ ಅವರ ಬಾಕಿಯ ಸುದ್ದಿಯನ್ನು ಓದಿ ದಿಲ್ಲಿಯವರನ್ನು ಬಯ್ದ ಬಾಯಿಯೇ ನಮ್ಮದು. ಆ ಬಯ್ಗುಳದ ಹೊತ್ತಿಗೆ ಭಟ್ಟರು ಒಳಗೆ ನಮ್ಮ ಸಾಂಬಾರಿಗೆ ಒಗ್ಗರಣೆ ಹಾಕುತ್ತಿದ್ದರು. ಮುಂದೆ ಎರಡು ವರ್ಷಕ್ಕೆ ಅವರು ಊರಿನಲ್ಲಿ ತೀರಿಕೊಂಡರೆಂದು ಕೇಳಿದೆವು. ನಾವು ಹೋಗಲಿಲ್ಲ. ಸೀಸನ್ನಿನ ಕಾಲವೆಂದು ಕಾರಣ ಹೇಳಿಕೊಂಡೆವು. ನಾವು ಮುರಿದ ಶಿಷ್ಟಾಚಾರವೂ ಯಾವುದೂ ಇರಲಿಲ್ಲ.

ಆದುದರಿಂದ ನಮ್ಮ ಮಾಲೀಕ ಮಿತ್ರರಲ್ಲಿ ನಮ್ಮ ವಿನಂತಿ ಇಷ್ಟೇ: ದುಡಿಯುವವನ ಹೆಸರನ್ನು ಪುಸ್ತಕದಲ್ಲಿ ಬರೆಯಿರಿ. ಹತ್ತು ವರ್ಷ ವಂತಿಗೆ ಕಟ್ಟಿದವನಿಗೆ 58ನೆಯ ವಯಸ್ಸಿನಲ್ಲಿ ಪಿಂಚಣಿಯುಂಟು. 2014ರಲ್ಲಿ ಅದರ ಕನಿಷ್ಠ ಮೊತ್ತವನ್ನು ತಿಂಗಳಿಗೆ 1,000 ರೂಪಾಯಿಯೆಂದು ನಿಗದಿ ಮಾಡಿದರು. ಮೊತ್ತವು ಅಲ್ಪವೇ. ಆದರೆ ಕೈಯೊಡ್ಡದೆ ಬರುವ ಸಾವಿರವು ಕೈಯೊಡ್ಡಿ ಪಡೆಯುವ ಹತ್ತು ಸಾವಿರಕ್ಕಿಂತ ಹೆಚ್ಚು. ನೌಕರ ಬಂಧುಗಳಲ್ಲಿಯೂ ಒಂದು ಮಾತು: ನಿಮ್ಮ ಖಾತೆಯ ಸಂಖ್ಯೆಯನ್ನು ಕೇಳಿ ಪಡೆಯಿರಿ. ವಾರಸುದಾರರ ಹೆಸರು ಬರೆದಿದೆಯೇ ಎಂದು ನೋಡಿಕೊಳ್ಳಿರಿ.

ಊರಿನಲ್ಲಿ ಸೈನ್ಯದ ಪಿಂಚಣಿ ಪಡೆಯುವ ತಂದೆ, ಮಾವ, ಅಣ್ಣಂದಿರು ಇರುವ ಮನೆಗಳು ನಮ್ಮ ವಾಚಕರಲ್ಲಿ ಬಹಳ. ಈ ಸಲ ಊರಿಗೆ ಹೋದಾಗ ಅವರ ಪಿಂಚಣಿಯ ಆಜ್ಞಾಪತ್ರವನ್ನು ತೆಗೆಸಿ ಓದಿರಿ. ಹೆಂಡತಿಯ ಹೆಸರು, ಹುಟ್ಟಿದ ದಿನ, ಆಧಾರಿನಲ್ಲಿರುವುದರೊಡನೆ ಅಕ್ಷರಶಃ ತಾಳೆಯಾಗುವುದೇ ಎಂದು ಪರೀಕ್ಷಿಸಿರಿ. ತಾಳೆಯಾಗದಿದ್ದರೆ, ಆ ಹಿರಿಯರು ಬದುಕಿರುವಾಗಲೇ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ ಸರಿಪಡಿಸಿಕೊಳ್ಳಿರಿ. ವರ್ಷಕ್ಕೊಮ್ಮೆ ಸಲ್ಲಿಸಬೇಕಾದ ಜೀವಂತ ಪ್ರಮಾಣಪತ್ರವನ್ನು ಮರೆಯದಂತೆ ನೋಡಿಕೊಳ್ಳಿರಿ. ಇಂದು ಒಂದು ದಿನದ ರಜೆಯಲ್ಲಿ ಆಗುವ ಈ ಕೆಲಸವು ನಾಳೆ ಒಬ್ಬ ವಿಧವೆಯ ಹನ್ನೊಂದು ತಿಂಗಳನ್ನು ಉಳಿಸಬಹುದು.

ಮಡಿಕೇರಿಯಲ್ಲಿ ಮೂವರು ಸೇನಾ ಮುಖ್ಯಸ್ಥರು ಬಂದುದೂ, ಊಟಿಯಲ್ಲಿ ಒಬ್ಬರೂ ಬಾರದಿದ್ದುದೂ ಇತಿಹಾಸದಲ್ಲಿ ದಾಖಲಾಗಿದೆ. ಚಾಳಿನ ಎದುರು ಮಳೆಯಲ್ಲಿ ನಿಂತ ಕಾವಲುಗಾರನ ಸಲಾಮು ಎಲ್ಲಿಯೂ ದಾಖಲಾಗಿರಲಿಲ್ಲ. ಇಂದು ಈ ಪುಟದಲ್ಲಿ ಅದನ್ನು ಬರೆದಿಡುತ್ತಿದ್ದೇವೆ. ನಮ್ಮ ಭಟ್ಟರ ಹೆಸರನ್ನು ಹಾಜರಿ ಪುಸ್ತಕದಲ್ಲಿ ಬರೆಯಬೇಕಾಗಿದ್ದ ದಿನ ಬರೆಯಲಿಲ್ಲ. ಆ ಬಾಕಿ ಮಾತ್ರ ನಮ್ಮ ಲೆಕ್ಕದಲ್ಲಿ ಹಾಗೆಯೇ ನಿಂತಿದೆ.